ಹತ್ತು ಕಾರ್ಡುಗಳ ಬೇಸಿಗೆ

ನಮ್ಮ ಮನೆಯ ಗೋಡೆಗೆ ಅಂಟಿಸಲು ಅನುಮತಿ ಇದ್ದದ್ದು ಎರಡಕ್ಕೆ ಮಾತ್ರ. ಒಂದು ವೇಳಾಪಟ್ಟಿ, ಇನ್ನೊಂದು ಮಾಯಿ, ಅಂದರೆ ನಮ್ಮ ಅಮ್ಮ, ಕಳಿಸುವ ಕಾರ್ಡುಗಳು. ವೇಳಾಪಟ್ಟಿಯನ್ನು ಮಾಯಿಯೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿದ್ದಳು. ಐದೂವರೆಗೆ ಏಳುವುದು. ಹಿಂದಿನ ಸಂಜೆ ಬಕೆಟಿನಲ್ಲಿ ತುಂಬಿಟ್ಟು ತಣಿಸಿದ ನೀರಿನಲ್ಲಿ ಸ್ನಾನ, ಯಾಕೆಂದರೆ ಬೇಸಿಗೆಯಲ್ಲಿ ನಲ್ಲಿಯ ನೀರು ಮೈ ಸುಡುತ್ತಿತ್ತು. ಆರೂವರೆಗೆ ಗಂಜಿ. ಒಂಬತ್ತರಿಂದ ಹನ್ನೆರಡು ಪಾಠ ಮತ್ತು ಮಗ್ಗಿ. ಹನ್ನೆರಡರಿಂದ ನಾಲ್ಕು ಏಸಿ ಹಾಕಬಹುದು, ಅದಕ್ಕೆ ಮೊದಲು ಇಲ್ಲ, ನಂತರವೂ ಇಲ್ಲ. ಒಂದು ಗಂಟೆಗೆ ಊಟ. ಏಳಕ್ಕೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಒಂಬತ್ತಕ್ಕೆ ದೀಪ ಆರಿಸುವುದು. ದುಬೈಯ ಅಲ್ ಕೂಜ್‌ನಲ್ಲಿ ಒಂದು ಕಟ್ಟಡ ಕಂಪನಿಯ ಗೋದಾಮಿನ ಹಿಂದೆ, ಶೀಟ್ ಹೊದಿಸಿದ ಎರಡು ಕೋಣೆ ನಮ್ಮ ಮನೆ. ಪಪ್ಪಾ ಆ ಗೋದಾಮಿನ ಸ್ಟೋರ್ ಕೀಪರ್. ಅಂಗಳದ ತುಂಬ ಕಬ್ಬಿಣದ ಪೈಪು, ಸಿಮೆಂಟಿನ ಚೀಲ, ಮರಳಿನ ರಾಶಿ. ಆ ಅಂಗಳದಲ್ಲಿ ಸಂಸಾರ ಇದ್ದದ್ದು ನಮ್ಮದೊಂದೇ. ಉಳಿದವರೆಲ್ಲ ಗಂಡಸರು, ಬೆಳಿಗ್ಗೆ ಲಾರಿಯಲ್ಲಿ ಹೋಗಿ ಸಂಜೆ ಲಾರಿಯಲ್ಲಿ ಬರುವವರು. ಗೋದಾಮಿನ ಬಾಗಿಲು ನಮ್ಮ ಬಾಗಿಲಿನಿಂದ ನಲವತ್ತು ಹೆಜ್ಜೆ. ಹನ್ನೊಂದು ವರ್ಷದ ನಾನು, ಆರು ವರ್ಷದ ತಂಗಿ ಪ್ರೆಸ್ಸಿ, ಇಬ್ಬರೇ ದಿನವಿಡೀ ಆ ಕೋಣೆಗಳಲ್ಲಿ ಇರುತ್ತಿದ್ದರೂ ನಮಗೆ ಭಯವಿರಲಿಲ್ಲ. ಏನು ಮಾಡಬೇಕೆಂಬುದು ಗೋಡೆಯ ಮೇಲೆ ಇತ್ತು.

ವೇಳಾಪಟ್ಟಿ ಬೇಕಾದದ್ದು ಬೇಸಿಗೆಗೆ. ಜುಮೇರಾದ ಒಂದು ವಿಲ್ಲಾದಲ್ಲಿ ಇದ್ದ ಫ್ರೆಂಚ್ ಎಂಜಿನಿಯರರ ಮನೆಯಲ್ಲಿ ಮಾಯಿ ಕೆಲಸಕ್ಕಿದ್ದಳು. ಅವಳ ವೀಸಾ ಆ ಮನೆಯದ್ದು. ಅವರು ಬೇಸಿಗೆ ಬಂದೊಡನೆ ಮಕ್ಕಳನ್ನು ಕಟ್ಟಿಕೊಂಡು ತಮ್ಮ ದೇಶಕ್ಕೆ ಹೋಗುತ್ತಿದ್ದರು; ಜೊತೆಗೆ ಮಾಯಿ ಹೋಗಲೇಬೇಕು. ಹತ್ತು ವಾರ. ನಮ್ಮ ಶಾಲೆಗೂ ಆಗಲೇ ರಜೆ. ಹೀಗಾಗಿ ಬೇರೆಯವರ ಮಕ್ಕಳು ತಾಯಿಯ ಜೊತೆ ಊರಿಗೆ ಹೋಗುವ ಕಾಲದಲ್ಲಿ ನಮ್ಮ ತಾಯಿ ಬೇರೆಯವರ ಮಕ್ಕಳ ಜೊತೆ ಹೋಗುತ್ತಿದ್ದಳು. ಇದನ್ನು ನಾನು ಒಮ್ಮೆ ಅವಳ ಎದುರಿಗೇ ಹೇಳಿದೆ. ಅವಳು ಬೈಯಲಿಲ್ಲ. ಪೆಟ್ಟಿಗೆಗೆ ಬಟ್ಟೆ ಮಡಚಿ ಇಡುತ್ತಾ, "ಹೌದು, ಹಾಗೆಯೇ ಉಂಟು ಅದು" ಎಂದಳು.

ಹೋಗುತ್ತಿದ್ದದ್ದು ಬೆಟ್ಟದ ಮೇಲಿನ ಒಂದು ಸಣ್ಣ ಹಳ್ಳಿಗೆ, ಮೇಡಂನ ತವರಿಗೆ. ಹಳ್ಳಿಯ ಹೆಸರು ಕಾರ್ಡಿನ ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು. ಓದಲು ನಮಗೆ ಬಾರದು. ನಾವು 'ಮಾಯಿಯ ಊರು' ಎನ್ನುತ್ತಿದ್ದೆವು. ಅವಳ ನಿಜವಾದ ಊರು ಕುಂದಾಪುರದ ಕಡೆ, ಅದನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆ ಹಳ್ಳಿಯ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಒಂದೇ ಬಗೆಯ ಚಿತ್ರದ ಕಾರ್ಡು. ಆದ್ದರಿಂದ ಪ್ರತಿ ವಾರವೂ ಅದೇ ಚಿತ್ರ: ಕಡಿದಾದ ಬೆಟ್ಟ, ಅದರ ನೆತ್ತಿಯ ಮೇಲೆ ಬೂದು ಕಲ್ಲಿನ ಕೋಟೆ, ಕೋಟೆಗೆ ಎರಡು ಬುರುಜು, ಒಂದರ ತಲೆ ಮುರಿದದ್ದು. ಕೋಟೆಯ ಕೆಳಗೆ ಒಂದರ ಹೆಗಲ ಮೇಲೊಂದು ಕೂತಂತೆ ಮನೆಗಳು. ಇಗರ್ಜಿಯ ಚೂಪು ಗೋಪುರ. ಒಂದು ದೊಡ್ಡ ಮನೆಗೆ ಮಾತ್ರ ನೀಲಿ ಕಿಟಕಿಗಳು. ಹಿಂದೆ ಹಿಮದ ಬೆಟ್ಟಗಳ ಸಾಲು. ನಮ್ಮ ಬಾಗಿಲು ತೆರೆದರೆ ಮರಳು, ಪೈಪು, ಬಿಳಿಚಿದ ಆಕಾಶ. ಆ ಚಿತ್ರದ ಒಂದೊಂದು ಹೆಂಚೂ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಲ್ ಕೂಜ್‌ನ ನಮ್ಮ ಗೋದಾಮಿನ ಬಾಗಿಲಿನ ಬಣ್ಣ ಯಾವುದೆಂದು ಕೇಳಿದರೆ ಯೋಚಿಸಬೇಕು.

ಮಾಯಿಗೆ ಮುಂಚಿತವಾಗಿ ಮಾಡದ ಕೆಲಸ ಕೆಲಸವೇ ಅಲ್ಲ. ಸೋಮವಾರದ ಮಸಾಲೆ ಶನಿವಾರ ಅರೆದು ಡಬ್ಬಿಯಲ್ಲಿ. ಶಾಲೆ ಶುರುವಾಗುವ ಎರಡು ತಿಂಗಳು ಮೊದಲೇ ಪುಸ್ತಕಗಳಿಗೆ ಬೈಂಡು. ಪ್ರೆಸ್ಸಿಗೆ ಮುಂದಿನ ವರ್ಷ ಆಗುವ ಅಳತೆಯ ಲಂಗ ಈ ವರ್ಷವೇ ಹೊಲಿದು ಪೆಟ್ಟಿಗೆಯ ಅಡಿಯಲ್ಲಿ. ಹಳ್ಳಿಗೆ ಹೋದ ಮೇಲೆ ಮೇಡಂನ ನೆಂಟರೆಲ್ಲ ಬಂದು ಸೇರುತ್ತಿದ್ದರು, ಅವಳಿಗೆ ಪೆನ್ನು ಹಿಡಿಯಲು ಬಿಡುವು ಸಿಗುತ್ತಿರಲಿಲ್ಲ. ಅದಕ್ಕೆ ಅವಳು ಒಂದು ಉಪಾಯ ಮಾಡಿದ್ದಳು: ಹೋದ ಮೊದಲ ಎರಡು ದಿನಗಳಲ್ಲೇ ಹತ್ತು ವಾರಕ್ಕೆ ಹತ್ತು ಕಾರ್ಡು ಬರೆದು, ಅಂಚೆಚೀಟಿ ಹಚ್ಚಿ, ಮೇಡಂನ ಮುದಿ ತಾಯಿಯ ಕೈಗೆ ಕೊಡುವುದು. ಆ ಮುದುಕಿ ಪ್ರತಿ ಸೋಮವಾರ ಒಂದೊಂದಾಗಿ ಅಂಚೆಗೆ ಹಾಕುವುದು. ಇದು ಪಪ್ಪನಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ನಾವು ಅವಳು ವಾರವಾರವೂ ಕೂತು ನಮ್ಮನ್ನು ನೆನೆದು ಬರೆಯುತ್ತಾಳೆಂದು ತಿಳಿದಿದ್ದೆವು.

ಮೂರನೆಯ ಬೇಸಿಗೆಯಲ್ಲಿ, ಅಲ್ಲಿಗೆ ಹೋದ ನಾಲ್ಕನೆಯ ವಾರ, ಮಾಯಿ ಆ ಹಳ್ಳಿಯಲ್ಲಿ ತೀರಿಕೊಂಡಳು. ಅಷ್ಟರಲ್ಲಿ ನಾವು ಮೂರು ಕಾರ್ಡು ಓದಿದ್ದೆವು. ಉಳಿದ ಏಳು ಅವಳು ಸತ್ತ ಮೇಲೆ ಬಂದವು. ಅವುಗಳಲ್ಲಿ ಆರನ್ನು ನಾನು ಊಟದ ಮುಂದೆ ಗಟ್ಟಿಯಾಗಿ ಓದಿದ್ದೇನೆ. ಒಂದನ್ನು, ಒಂಬತ್ತನೆಯದನ್ನು, ಓದಲಿಲ್ಲ. ಅದರ ವಿಷಯ ಬರೆಯಲೆಂದೇ ಈ ಅಧ್ಯಾಯ.

ಕಾರ್ಡು ಓದಲು ಒಂದು ಕ್ರಮವಿತ್ತು. ಅಂಚೆ ಮನೆಗೆ ಬರುತ್ತಿರಲಿಲ್ಲ, ಕಂಪನಿಯ ಪೋಸ್ಟ್ ಬಾಕ್ಸಿಗೆ ಬರುತ್ತಿತ್ತು. ಪಪ್ಪಾ ಗುರುವಾರ ಸಂಜೆ ತಂದು ದೇವರ ಪಟದ ಹಿಂದೆ ಇಡುತ್ತಿದ್ದರು. ಶುಕ್ರವಾರ ಕಂಪನಿಯ ಪಿಕಪ್ಪಿನಲ್ಲಿ ಇಗರ್ಜಿಯ ಪೂಜೆಗೆ ಹೋಗಿ, ಬರುವಾಗ ಮೀನು ತಂದು, ಪಪ್ಪಾ ಸಾರು ಮಾಡಿ, ಕುಚ್ಚಲಕ್ಕಿ ಅನ್ನ ಬಡಿಸಿದ ಮೇಲೆ ನಾನು ಕೈ ಒರೆಸಿಕೊಂಡು ಕಾರ್ಡು ತೆಗೆಯಬೇಕು. ಅದಕ್ಕೆ ಮೊದಲು ಮುಟ್ಟಿದರೆ ಆ ವಾರ ಓದುವ ಹಕ್ಕಿಲ್ಲ. ಮನೆಯ ಮಾತು ಕೊಂಕಣಿ. ಮಾಯಿ ಓದಿದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಕಾಗದ ಮಾತ್ರ ಯಾವಾಗಲೂ ಕನ್ನಡ. ಆ ವರ್ಷ ಅವಳು ಹೊರಡುವ ಮೊದಲು ಪ್ರೆಸ್ಸಿ ಹಠ ಹಿಡಿದಿದ್ದಳು, ನೀನು ಅಲ್ಲಿ ಎಲ್ಲಿ ಮಲಗುವುದು ಹೇಳು ಎಂದು.

"ಬಾಯಲ್ಲಿ ಹೇಳಿದ್ರೆ ಈಗಲೇ ಮುಗೀತದೆ. ಕಾರ್ಡಿನಲ್ಲಿ ಬರೀತೇನೆ. ಒಂದೊಂದು ವಾರಕ್ಕೆ ಒಂದೊಂದು ಜಾಗ."

"ಮಲಗುವ ಜಾಗ ಮೊದಲು ಬರಿ."

"ಮೊದಲು ಬರೆದ್ರೆ ನೀನು ಉಳಿದದ್ದು ಕೇಳ್ತೀಯಾ?"

ಹಾಗೆ ಆ ಬೇಸಿಗೆಯ ಕಾರ್ಡುಗಳಲ್ಲಿ ಚಿತ್ರದ ಮೇಲೆಯೇ ಬಾಲ್‌ಪೆನ್ನಿನಿಂದ ನಂಬರು ಬರತೊಡಗಿತು. ಒಂದು ಇಗರ್ಜಿ. ಎರಡು ಬ್ರೆಡ್ಡಿನ ಅಂಗಡಿ. ಮೂರು ಕೋಟೆ. ಕೋಟೆಯ ಬಗ್ಗೆ ಅವಳು ಬರೆದದ್ದು ಇಷ್ಟು: 'ಒಳಗೆ ಯಾರೂ ಇಲ್ಲ. ಜನ ಟಿಕೆಟ್ ತೆಗೆದು ಖಾಲಿ ಕೋಣೆ ನೋಡಲಿಕ್ಕೆ ಹೋಗ್ತಾರೆ. ಇದಕ್ಕಿಂತ ಹೆಚ್ಚು ಸಾಮಾನು ಪಪ್ಪನ ಗೋದಾಮಿನಲ್ಲಿ ಉಂಟು.' ಪಪ್ಪಾ ಅದನ್ನು ಕೇಳಿ ನಕ್ಕರು. ಆ ಬೇಸಿಗೆಯಲ್ಲಿ ಅವರು ನಕ್ಕದ್ದು ಅದೇ ಕೊನೆ. ಮಾಯಿ ಮಲಗುವುದು ಕೋಟೆಯಲ್ಲಿ ಎಂದು ಪ್ರೆಸ್ಸಿ, ನೀಲಿ ಕಿಟಕಿಯ ಮನೆಯಲ್ಲಿ ಎಂದು ನಾನು, ವಾರವಿಡೀ ಜಗಳ.

ಮಾಯಿ ನನಗೆ ಒಂದು ನೋಟ್‌ಬುಕ್ ಕೊಟ್ಟು ಹೋಗಿದ್ದಳು, ಯಾರು ಎಷ್ಟು ಗಂಟೆಗೆ ಬಂದರು, ಹೋದರು ಎಂದು ಬರೆದಿಡಲು. ಆ ನೋಟ್‌ಬುಕ್ ಈಗಲೂ ಇದೆ. ಒಂದು ಮಂಗಳವಾರದ ಪುಟದಲ್ಲಿ ಹೀಗಿದೆ: '11.10 ಪಪ್ಪಾ ಬಂದರು. 11.20 ಹೋದರು. ಕಾರಣ ಟ್ಯಾಂಕ್.' ಕೆಲಸದ ಹೊತ್ತಿನಲ್ಲಿ ಅವರು ಮನೆಗೆ ಬರುವುದೇ ಇಲ್ಲ. ಬಂದವರು ಬಾಗಿಲಲ್ಲೇ ನಿಂತರು. ಬಿಸಿಲು ಅವರ ಹಿಂದೆ ಇದ್ದುದರಿಂದ ಮುಖ ಕಾಣಲಿಲ್ಲ.

"ಎಂತ ಮಾಡ್ತಿದ್ದೀರಿ?"

"ಮಗ್ಗಿ."

"ಎಷ್ಟರದ್ದು?"

"ಹದಿಮೂರರದ್ದು."

"ಹೇಳು."

ನಾನು ಹೇಳಿದೆ. ಹದಿಮೂರು ಹತ್ತಲಿ ನೂರ ಮೂವತ್ತರವರೆಗೆ ಅವರು ಪೂರ್ತಿ ಕೇಳಿದರು. ಮತ್ತೆ ಹದಿನಾಲ್ಕರದ್ದು ಹೇಳಿಸಿದರು. ಹದಿನೈದರದ್ದು. ಪ್ರೆಸ್ಸಿ ಅವರ ಬೆರಳು ಹಿಡಿದು, "ಪಪ್ಪಾ, ಯಾಕೆ ಬಂದ್ರಿ?" ಎಂದಾಗ ತಲೆ ಎತ್ತಿ ನೀರಿನ ಟ್ಯಾಂಕ್ ನೋಡಿ, "ಟ್ಯಾಂಕ್ ಸೋರ್ತದಾ ಅಂತ ನೋಡ್ಲಿಕ್ಕೆ" ಎಂದರು. ಹನ್ನೊಂದು ಗಂಟೆಗೆ ಗೋದಾಮಿನ ಆಫೀಸಿಗೆ ಫ್ರಾನ್ಸಿನಿಂದ ಫೋನ್ ಬಂದಿತ್ತು. ಹೆಣ ಅಲ್ಲಿಯೇ ಮಣ್ಣು ಮಾಡುವುದಕ್ಕೆ ಅವರ ಒಪ್ಪಿಗೆ ಬೇಕಿತ್ತು. ಪಪ್ಪನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ. ಅದು ಕೈಗೆ ಸಿಕ್ಕಿ, ಆ ದೇಶದ ವೀಸಾ ಆಗುವಾಗ ಎಷ್ಟು ದಿನವೋ. ಅವರು ಹೂಂ ಎಂದಿದ್ದರು. ಹೂಂ ಎಂದು ಹತ್ತು ನಿಮಿಷದಲ್ಲಿ ನಮ್ಮ ಬಾಗಿಲಲ್ಲಿ ನಿಂತು ಮಗ್ಗಿ ಕೇಳಿದ್ದರು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅಂದು ಸಂಜೆಯಿಂದ ತೇರ್ಸಿನ ಕೊನೆಗೆ ಒಂದು ಹೆಚ್ಚಿನ ಪ್ರಾರ್ಥನೆ ಸೇರಿತು. ಎರಡು ನಿಮಿಷ ಜಾಸ್ತಿ. ವೇಳಾಪಟ್ಟಿಯಲ್ಲಿ ಇಲ್ಲದ್ದು ಸೇರಿದರೆ ನನಗೆ ಆಗ ಸಹಿಸಲಾಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

"ಇದು ಯಾರಿಗೆ ಪಪ್ಪಾ?"

"ತೀರಿಹೋದವರಿಗೆ."

"ಅಜ್ಜಿಗಾ?"

"ಎಲ್ಲರಿಗೂ. ಕಣ್ಣು ಮುಚ್ಚಿ ಹೇಳು."

ಆರು ವಾರ, ದಿನಾ ಸಂಜೆ, ನನ್ನ ತಾಯಿಯ ಆತ್ಮಕ್ಕೆ ಶಾಂತಿ ಸಿಗಲೆಂದು ನಾನು ಬೇಡಿದ್ದೇನೆ, ಯಾರಿಗೆಂದು ತಿಳಿಯದೆ, ಒಂದು ಕಣ್ಣು ಗಡಿಯಾರದ ಮೇಲಿಟ್ಟು.

ಪಪ್ಪಾ ಯಾಕೆ ಹೇಳಲಿಲ್ಲ ಎಂಬುದಕ್ಕೆ ಅವರು ಮುಂದೆ ಒಂದೇ ಸಲ ಉತ್ತರ ಕೊಟ್ಟರು. ಹೇಳಬೇಕೆಂದೇ ಗುರುವಾರ ಬೇಗ ಬಂದರಂತೆ. ಬರುವ ದಾರಿಯಲ್ಲಿ ಪೋಸ್ಟ್ ಬಾಕ್ಸ್ ನೋಡಿದರೆ ನಾಲ್ಕನೆಯ ಕಾರ್ಡು. ಅದನ್ನು ಎಸೆಯಲು ಕೈ ಬರಲಿಲ್ಲ. ಕಾರ್ಡು ಕೈಯಲ್ಲಿ ಹಿಡಿದು ಅವಳು ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇನ್ನೂ ಆರು ಇವೆ ಎಂಬುದು ಅವರಿಗೆ ಗೊತ್ತಿತ್ತು. ಮುಗಿಯಲಿ, ಆಮೇಲೆ ಹೇಳುವ ಎಂದುಕೊಂಡರು. ಆ ಮುದುಕಿಯೂ ಕಾರ್ಡು ಹಾಕುವುದನ್ನು ನಿಲ್ಲಿಸಲಿಲ್ಲ. ಕೊಟ್ಟ ಮಾತು ಎಂದು ಹಾಕಿದಳೋ, ನಿಲ್ಲಿಸಲು ಯಾರೂ ಹೇಳಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ನಾಲ್ಕನೆಯದು ಚೌಕದ ನೀರಿನ ನಲ್ಲಿ. ಐದನೆಯದರಲ್ಲಿ ನಂಬರು ಇದ್ದದ್ದು ಎರಡು ಮನೆಗಳ ನಡುವಿನ ಒಂದು ಕಿರಿದಾದ ಕಪ್ಪು ಗೆರೆಯ ಮೇಲೆ. ನಾನು ಓದಿದೆ.

'ಇದು ಮೆಟ್ಟಿಲು. ಬಟ್ಟೆ ಒಗೆಯುವ ಕಲ್ಲುತೊಟ್ಟಿಯಿಂದ ಮನೆಯವರೆಗೆ ಎಂಬತ್ತಾರು ಉಂಟು. ಒದ್ದೆ ಬಟ್ಟೆಯ ಬುಟ್ಟಿ ಸೊಂಟದಲ್ಲಿಟ್ಟು ದಿನಾ ಹತ್ತುತ್ತೇನೆ. ಮೆಷಿನ್ ಉಂಟಲ್ಲ ಎಂದು ಮೇಡಂನ ತಾಯಿ ಬೈಯುತ್ತಾರೆ. ಮೆಷಿನಿಗೆ ಕಾಲರ್ ಉಜ್ಜಲಿಕ್ಕೆ ಗೊತ್ತುಂಟಾ? ಪಪ್ಪನಿಗೆ ಹೇಳಿ, ನನ್ನ ಮೊಣಕಾಲು ಈಗ ಹದಿನೆಂಟರ ಹುಡುಗಿಯದ್ದರ ಹಾಗೆ ಆಗಿದೆ.'

ಪ್ರೆಸ್ಸಿಗೆ ನಗು ತಡೆಯಲಿಲ್ಲ.

"ಪಪ್ಪಾ, ಹುಡುಗಿಯ ಮೊಣಕಾಲಂತೆ."

ಪಪ್ಪಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಂತಿತ್ತು.

"ಇನ್ನೊಮ್ಮೆ ಓದು."

ನಾನು ಇನ್ನೊಮ್ಮೆ ಓದಿದೆ. ಈ ಸಲ ಮಾಯಿಯ ಧ್ವನಿಯನ್ನೇ ಅಣಕಿಸಿ, ಕಾಲರ್ ಉಜ್ಜುವ ಜಾಗದಲ್ಲಿ ಕೈಯಿಂದ ಉಜ್ಜಿ ತೋರಿಸಿ ಓದಿದೆ. ಪ್ರೆಸ್ಸಿ ಚಾಪೆಯ ಮೇಲೆ ಬಿದ್ದು ನಕ್ಕಳು. ಪಪ್ಪಾ ಊಟ ಮುಗಿಸಿದರು, ಒಂದು ಅಗುಳೂ ಬಿಡದೆ. ತಟ್ಟೆ ತೊಳೆದಿಟ್ಟು ಹೊರಗೆ ಪೈಪುಗಳ ಮೇಲೆ ಆ ಬಿಸಿಲಿನಲ್ಲಿ ಹೋಗಿ ಕೂತರು. ಮಾಯಿ ಕಾಲು ಜಾರಿ ಬಿದ್ದದ್ದು ಆ ಮೆಟ್ಟಿಲುಗಳ ಮೇಲೆ, ಬಟ್ಟೆಯ ಬುಟ್ಟಿಯ ಜೊತೆ.

ಆರನೆಯದರಲ್ಲಿ ನನ್ನ ನೀಲಿ ಕಿಟಕಿಯ ಮನೆ ಕೈತಪ್ಪಿತು. 'ಇದು ಮೇಡಂನ ತಾಯಿಯ ಮನೆ. ನಾನು ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು ಇಲ್ಲಿ. ಮಲಗುವುದು ಬೇರೆ ಕಡೆ. ಅದು ಒಂಬತ್ತನೆಯದರಲ್ಲಿ.' ಏಳು ಆಡು ಸಾಕುವವನ ಕೊಟ್ಟಿಗೆ, ಎಂಟು ಶಾಲೆ. ಎಂಟು ಮುಗಿದ ಮೇಲೆ ಪ್ರೆಸ್ಸಿ ವಾರವಿಡೀ ದಿನ ಎಣಿಸಿದಳು. ಆ ಗುರುವಾರ ಪೋಸ್ಟ್ ಬಾಕ್ಸಿನಲ್ಲಿ ಏನೂ ಇರಲಿಲ್ಲ. ಮುಂದಿನ ಗುರುವಾರ ಬಂದದ್ದು ಹತ್ತು.

'ಇದು ಬಸ್ಸು ನಿಲ್ಲುವ ಜಾಗ. ಈ ಕಾರ್ಡು ಓದುವ ಶುಕ್ರವಾರ ನಾನು ಇಲ್ಲಿಂದ ಬಸ್ಸು ಹತ್ತುತ್ತೇನೆ. ಸೋಮವಾರ ಮನೆಯಲ್ಲಿ. ಹಿಲ್ಡಾ, ಭಾನುವಾರ ಅಕ್ಕಿ ಉದ್ದು ನೆನೆಹಾಕಿಡು. ಬಂದೊಡನೆ ಸನ್ನಾಸ್ ಮಾಡುವ.'

ಭಾನುವಾರ ನಾಲ್ಕು ಗಂಟೆಗೆ ನಾನು ಅಕ್ಕಿಯನ್ನು ಒಂದು ಪಾತ್ರೆಯಲ್ಲಿ, ಉದ್ದನ್ನು ಒಂದು ಪಾತ್ರೆಯಲ್ಲಿ ನೆನೆಹಾಕಿದೆ. ನೆಲ ಒರೆಸಿದೆ. ಪ್ರೆಸ್ಸಿಯ ತಲೆ ತೊಳೆದೆ. ಪಪ್ಪಾ ಆರು ಗಂಟೆಗೆ ಬಂದವರು ಪಾತ್ರೆಗಳ ಮುಚ್ಚಳ ತೆಗೆದು ನೋಡಿದರು. ಆಮೇಲೆ ನಮ್ಮಿಬ್ಬರನ್ನು ಚಾಪೆಯ ಮೇಲೆ ಕೂರಿಸಿ, ತಾವು ಎದುರು ಕೂತು, ಮಾಯಿ ಬಿದ್ದಳು, ತೀರಿಕೊಂಡಳು, ಅಲ್ಲಿಯೇ ಮಣ್ಣು ಮಾಡಿದರು ಎಂದು ಮೂರು ಮಾತಿನಲ್ಲಿ ಹೇಳಿದರು. ಯಾವಾಗ ಎಂದು ನಾನು ಕೇಳಿದೆ. ದಿನ ಹೇಳಿದರು. ನಾನು ನೋಟ್‌ಬುಕ್ ತಂದು ಆ ಪುಟ ತೆರೆದೆ. ಕಾರಣ ಟ್ಯಾಂಕ್.

"ನೀವು ಸುಳ್ಳು ಹೇಳಿದ್ರಿ."

"ನಾನು ಎಂತದ್ದೂ ಹೇಳ್ಲಿಲ್ಲ ಪುತಾ," ಎಂದರು. "ಓದಿದ್ದು ನೀನು."

ನೋಯಿಸಲು ಅವರು ಹಾಗೆ ಹೇಳಲಿಲ್ಲ. ಆದರೂ ಆ ಮಾತು ನನ್ನ ಮೈಯಲ್ಲಿ ಉಳಿಯಿತು. ಏಳು ಗಂಟೆಗೆ ತೇರ್ಸ್ ಆಯಿತು. ಒಂಬತ್ತಕ್ಕೆ ದೀಪ ಆರಿತು. ಮರುದಿನ ನೆನೆದ ಅಕ್ಕಿಯನ್ನು ಚೆಲ್ಲುವ ಹಾಗಿಲ್ಲ ಎಂದು ಪಪ್ಪಾ ಅದನ್ನು ಅರೆದರು, ಹುದುಗು ಬರಿಸಿ ಸಂಜೆ ಹಬೆಯಲ್ಲಿ ಬೇಯಿಸಿದರು. ನಾವು ಮೂವರೂ ಸನ್ನಾಸ್ ತಿಂದೆವು. ಚೆನ್ನಾಗಿ ಉಬ್ಬಿದ್ದವು.

ಒಂಬತ್ತನೆಯ ಕಾರ್ಡು ಬಂದದ್ದು ಅದಾದ ಹತ್ತು ದಿನಕ್ಕೆ. ಎಲ್ಲೋ ತಪ್ಪಿ ಬೇರೆ ದೇಶ ಸುತ್ತಿ ಬಂದಿತ್ತು, ಮೇಲೆ ಮೂರು ಮುದ್ರೆ. ಪಪ್ಪಾ ದೇವರ ಪಟದ ಹಿಂದೆ ಇಡದೆ ನನ್ನ ಕೈಗೇ ಕೊಟ್ಟರು. ಪ್ರೆಸ್ಸಿ ಒಳಗೆ ಮಲಗಿದ್ದಳು. ನಾನು ಟ್ಯಾಂಕಿನ ನೆರಳಿಗೆ ಹೋಗಿ ಓದಿದೆ, ಒಬ್ಬಳೇ, ಮನಸ್ಸಿನಲ್ಲೇ. ಕಾರ್ಡಿನಲ್ಲಿ ಮಾಯಿ ನನ್ನ ಹೆಸರು ಹಿಡಿದು, ಇದನ್ನು ಪ್ರೆಸ್ಸಿಗೆ ಓದಬೇಡ ಎಂದಿದ್ದಳು. ನಾನು ಅದನ್ನು ಶಾಲೆಯ ಅಟ್ಲಾಸಿನೊಳಗೆ ಇಟ್ಟೆ. ಗೋಡೆಯ ಮೇಲೆ ಎಂಟರ ಪಕ್ಕ ಖಾಲಿ ಜಾಗ ಬಿಟ್ಟು ಹತ್ತನ್ನು ಅಂಟಿಸಿದ್ದೆವು, ಆ ಜಾಗ ಹಾಗೇ ಉಳಿಯಿತು. ಶುಕ್ರವಾರ ಪ್ರೆಸ್ಸಿ ಕೇಳಿದಳು.

"ಒಂಬತ್ತು ಬಂತಾ ಅಕ್ಕಾ?"

"ಇಲ್ಲ."

ಪಪ್ಪಾ ನನ್ನ ಮುಖ ನೋಡಿ ಅನ್ನ ಬಡಿಸಿದರು. ಮುಂದಿನ ಶುಕ್ರವಾರವೂ ಅವಳು ಕೇಳಿದಳು, ಅದರ ಮುಂದಿನದ್ದೂ. ಮಾಯಿ ಹೇಳಿದ್ದಾಳೆ, ಆದ್ದರಿಂದ ಹೇಳಲಿಲ್ಲ ಎಂಬುದು ನಾನು ನನಗೆ ಕೊಟ್ಟುಕೊಂಡ ಸಮಾಧಾನ. ನಿಜ ಬೇರೆ. ಉಳಿದ ಒಂಬತ್ತು ಎಲ್ಲರದ್ದು. ಒಂದಾದರೂ ನನ್ನೊಬ್ಬಳದ್ದಾಗಿರಲಿ ಎಂದು ನನಗೆ ಆಸೆಯಾಗಿತ್ತು.

ಎರಡು ತಿಂಗಳೊಳಗೆ ನಮ್ಮಿಬ್ಬರನ್ನು ಊರಿನ ಕಡೆ ಸಿಸ್ಟರುಗಳ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಮಲಗುವುದು. ಬೇರೆ ಹುಡುಗಿಯರು ಅಳುತ್ತಿದ್ದರು. ನನಗೆ ಅದು ಮನೆಯ ಹಾಗೇ ಇತ್ತು. ನರ್ಸಿಂಗ್ ಕಲಿತೆ, ಅಬುಧಾಬಿಗೆ ಬಂದೆ, ವಾರ್ಡಿನ ಇನ್‌ಚಾರ್ಜ್ ಆಗಿ ನಿವೃತ್ತಳಾದೆ. ನನ್ನ ವಾರ್ಡಿನಲ್ಲಿ ಒಂದು ನಿಯಮವಿತ್ತು. ಸಾವಿನ ಸುದ್ದಿಯನ್ನು ಮನೆಯವರಿಗೆ ತಡಮಾಡದೆ, ಎದುರು ಕೂತು, 'ತೀರಿಕೊಂಡರು' ಎಂಬ ಶಬ್ದದಲ್ಲೇ ಹೇಳಬೇಕು. ಸೀರಿಯಸ್ ಆಗಿದ್ದಾರೆ, ಡಾಕ್ಟರ್ ಬರಲಿ, ಮೊದಲು ಊಟ ಮಾಡಿ, ಇಂಥ ಮಾತು ಆಡಿದ ಸಣ್ಣ ನರ್ಸುಗಳನ್ನು ನಾನು ಎಲ್ಲರ ಮುಂದೆ ಗದರಿಸಿದ್ದೇನೆ. ಹಿಲ್ಡಾ ಸಿಸ್ಟರಿಗೆ ಕರುಳಿಲ್ಲ ಎಂದು ಅವರು ಆಡಿಕೊಳ್ಳುತ್ತಿದ್ದದ್ದು ನನಗೆ ಗೊತ್ತು. ಪಪ್ಪಾ ಸಾಯುವವರೆಗೂ ಅವರ ಮೇಲಿನ ಸಿಟ್ಟು ನಾನು ಬಿಡಲಿಲ್ಲ. ಅಟ್ಲಾಸಿನೊಳಗಿದ್ದ ಕಾರ್ಡು ಮಾತ್ರ ಅಷ್ಟೂ ವರ್ಷ ನನ್ನ ಪೆಟ್ಟಿಗೆಯಲ್ಲೇ ಇತ್ತು.

ಈಗ ನಾನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಉಳಿದ ಒಂಬತ್ತು ಕಾರ್ಡುಗಳನ್ನು ಒಂದು ಚೌಕಟ್ಟಿನಲ್ಲಿ ಹಾಕಿಸಿ ಊಟದ ಕೋಣೆಯಲ್ಲಿ ತೂಗುಹಾಕಿದ್ದೇನೆ, ಒಂದು ಜಾಗ ಖಾಲಿ. ಕಳೆದ ತಿಂಗಳು ಮೊಮ್ಮಗಳು ಟೀನಾ ಕಾರ್ಡಿನ ಕೆಳಗಿನ ಸಣ್ಣ ಅಕ್ಷರ ಓದಿ, ಟ್ಯಾಬಿನಲ್ಲಿ ಹುಡುಕಿ, ಆ ಹಳ್ಳಿಯನ್ನು ನನ್ನ ಮುಂದೆ ಹಿಡಿದಳು. ಕೋಟೆ ಹಾಗೇ ಇತ್ತು, ಮುರಿದ ಬುರುಜಿನ ಸಮೇತ. ಬೆರಳು ಎಳೆದಂತೆ ಚಿತ್ರ ತಿರುಗಿತು. ಚಿತ್ರಕ್ಕೆ ಹಿಂಬದಿ ಇದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಕೋಟೆಯ ಆಚೆ ಬದಿಗೆ ಗೋಡೆಗೆ ಒತ್ತಿ ಕಲ್ಲಿನ ನಾಲ್ಕು ಕುಳ್ಳ ಕೋಣೆಗಳು, ಅವುಗಳ ಎದುರು ಬೇಲಿ ಹಾಕಿದ ಸ್ಮಶಾನ.

"ಇಟ್ಸ್ ಜಸ್ಟ್ ಸಮ್ ರೂಮ್ಸ್ ಆ್ಯಂಡ್ ಗ್ರೇವ್ಸ್, ಗ್ರ್ಯಾನಿ," ಎಂದಳು ಟೀನಾ. "ಪ್ರೆಸ್ಸಿ ಗ್ರ್ಯಾನಿಗೆ ಸಂಡೇ ತೋರಿಸ್ತೇನೆ. ಶೀ ವಿಲ್ ಲವ್ ಇಟ್."

ಪ್ರೆಸ್ಸಿ ದುಬೈಯ ಒಂದು ಹೋಟೆಲಿನಲ್ಲಿ ಲಾಂಡ್ರಿಯ ಸೂಪರ್‌ವೈಸರ್. ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಬರುತ್ತಾಳೆ. ಟೀನಾ ತೋರಿಸುವ ಮೊದಲು ನಾನೇ ಹೇಳಬೇಕಿತ್ತು. ಆ ಭಾನುವಾರ ಅವಳು ಬಂದು ಕೈಚೀಲ ಇಡುವಾಗಲೇ ಊಟದ ಮೇಜಿನ ಮೇಲೆ, ಅವಳ ತಟ್ಟೆಯ ಪಕ್ಕ, ಕಾರ್ಡು ಇಟ್ಟಿದ್ದೆ.

"ಎಂತ ಇದು?" ಎಂದಳು. ಆಮೇಲೆ ಚಿ‌ತ್ರ ನೋಡಿದಳು. ಗೋಡೆಯ ಖಾಲಿ ಜಾಗ ನೋಡಿದಳು. "ನಂಬರೇ ಇಲ್ಲವಲ್ಲ."

"ಓದು."

"ಕನ್ನಡಕ ಕೊಡು ನಿನ್ನದ್ದು."

ನನ್ನ ಕನ್ನಡಕ ಹಾಕಿಕೊಂಡು ಅವಳು ಗಟ್ಟಿಯಾಗಿ ಓದಿದಳು.

'ಒಂಬತ್ತಕ್ಕೆ ಚಿತ್ರದಲ್ಲಿ ನಂಬರು ಹಾಕಲಿಲ್ಲ. ನಾನು ಮಲಗುವ ಕೋಣೆ ಕೋಟೆಯ ಆಚೆ ಬದಿ. ಫೋಟೋ ತೆಗೆದವನು ಆ ಬದಿಗೆ ಬರಲಿಲ್ಲ. ಸಣ್ಣ ಕೋಣೆ, ಚಳಿ ಉಂಟು, ಕಂಬಳಿ ಎರಡು ಕೊಟ್ಟಿದ್ದಾರೆ. ಕಿಟಕಿ ತೆರೆದರೆ ಸಮಾಧಿಗಳು. ಬಹಳ ಒಪ್ಪ ಉಂಟು, ಒಂದೊಂದಕ್ಕೂ ಹೂವಿನ ಚಟ್ಟಿ. ಒಂದು ಹೆಂಗಸು ಬೆಳಿಗ್ಗೆ ಬಂದು ಗುಡಿಸಿ ಹೋಗ್ತಾಳೆ. ಗಲಾಟೆ ಮಾಡದ ನೆರೆಕರೆ. ಹಿಲ್ಡಾ, ಇದನ್ನು ಪ್ರೆಸ್ಸಿಗೆ ಓದಬೇಡ, ಹೆದರಿಯಾಳು. ಅವಳಿಗೆ ನೀನೇ ಏನಾದರೂ ಚಂದ ಮಾಡಿ ಹೇಳು.'

ಕಾರ್ಡನ್ನು ಅವಳು ಮೆಲ್ಲನೆ ಮೇಜಿನ ಮೇಲಿಟ್ಟಳು.

"ನೀನು ಚಂದ ಮಾಡಿ ಎಂತದ್ದೂ ಹೇಳ್ಲಿಲ್ಲ ಅಲ್ವಾ ಅಕ್ಕಾ."

"ಬರ್ಲಿಲ್ಲ ಅಂದೆ."

"ಬರ್ಲಿಲ್ಲ ಅಂದೆ," ಎಂದು ಅವಳೂ ಅಂದಳು. ಸಿಟ್ಟಿನ ದನಿಯಲ್ಲ. "ನಾನು ಎಂತ ಅಂದ್ಕೊಂಡಿದ್ದೆ ಗೊತ್ತುಂಟಾ? ಒಂಬತ್ತು ಬರೀವಾಗ ಅವಳು ಸತ್ತದ್ದು ಅಂತ. ಅದಕ್ಕೆ ಒಂಬತ್ತು ಇಲ್ಲ. ಹತ್ತು ಬಂತಲ್ಲ? ಅದು ಸತ್ತ ಮೇಲೆ ಬರೆದದ್ದು ಅಂತ. ಬಸ್ಸು ಹತ್ತಿ ಬರ್ತೇನೆ ಅಂತ ಬರ್ದಿದ್ದಾಳಲ್ಲ."

ನಾನು ಚೌಕಟ್ಟಿನ ಹತ್ತನೆಯ ಕಾರ್ಡು ನೋಡಿದೆ.

"ಹಾಸ್ಟೆಲಿನಲ್ಲಿ ಗೇಟಿನ ಹತ್ರ ನಿಲ್ತಿದ್ದೆ, ನೀನು ಬಂದು ಕಿವಿ ಹಿಂಡಿ ಕರ್ಕೊಂಡು ಹೋಗ್ತಿದ್ದೆ, ಟೈಮ್ ಆಯ್ತು ಅಂತ. ಬಸ್ಸು ನೋಡ್ಲಿಕ್ಕೆ ನಿಲ್ತಿದ್ದದ್ದು ನಾನು." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಸ್ಮಶಾನಕ್ಕೆ ಹೆದರ್ತಿರ್ಲಿಲ್ಲ ಮಾರಾಯ್ತಿ. ಆಚೆ ಬದಿ ಅಲ್ಲೇ ಇದ್ದಾಳೆ ಅಂತ ಗೊತ್ತಿದ್ರೆ ಗೇಟು ಬಿಟ್ಟು ಒಳಗೆ ಬಂದು ಮಲಗ್ತಿದ್ದೆ."

ಟೀನಾ ಟ್ಯಾಬ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪ್ರೆಸ್ಸಿ ಅವಳನ್ನು ಕರೆದು ಪಕ್ಕ ಕೂರಿಸಿಕೊಂಡು ಆ ನಾಲ್ಕು ಕೋಣೆಗಳನ್ನು ಬಹಳ ಹೊತ್ತು ನೋಡಿದಳು. ಯಾವುದು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ಈ ಸಲ ನಿಜ. ಆಮೇಲೆ ಅವಳು ಎದ್ದು ಚೌಕಟ್ಟನ್ನು ಗೋಡೆಯಿಂದ ಇಳಿಸಿದಳು, ಹಿಂದಿನ ಮೊಳೆಗಳನ್ನು ಚಮಚದ ಹಿಡಿಯಿಂದ ಬಿಡಿಸಿ ಎಲ್ಲ ಕಾರ್ಡುಗಳನ್ನೂ ಹೊರತೆಗೆದು, ಒಂಬತ್ತನ್ನು ಅದರ ಜಾಗದಲ್ಲಿ ಸೇರಿಸಿ, ಒಂದರಿಂದ ಓದಲು ಶುರು ಮಾಡಿದಳು. ನಮ್ಮ ಮನೆಯಲ್ಲಿ ಊಟ ಒಂದು ಗಂಟೆಗೆ. ಒಂದು ದಾಟಿತು, ಎರಡೂ ದಾಟಿತು. ನಾನು ಗಡಿಯಾರ ನೋಡಿದೆ, ಕೂತಲ್ಲೇ ಕೂತೆ. ಅವಳು ಓದುವುದು ನಿಧಾನ, ಮಾಯಿಯ ಅಕ್ಷರ ಅವಳಿಗೆ ಅಷ್ಟು ಅಭ್ಯಾಸವಿಲ್ಲ. ಐದನೆಯದರ ಕೊನೆಗೆ ಬಂದು, ಹುಡುಗಿಯ ಮೊಣಕಾಲಿನ ಜಾಗದಲ್ಲಿ ತಡೆದು, ಮುಗಿಸಿ, ಆರನೆಯದಕ್ಕೆ ಕೈ ಹಾಕಿದಳು.

"ಇನ್ನೊಮ್ಮೆ ಓದು," ಎಂದೆ.